ಬೆನ್ನುಹುರಿಯ ಕಾವಲು ಮತ್ತು ಹೃದಯದ ಲಯ: ಒಂದು ಚಾರಿತ್ರಿಕ ವಿವೇಚನೆ

ಮೇರುದಂಡದ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ರೋಗಿಯ ನರಗಳಿಗೆ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹಾಯಿಸಿ, ಅದಕ್ಕೆ ಮಿದುಳೂ ಸ್ನಾಯುಗಳೂ ಕೊಡುವ ಉತ್ತರವನ್ನು ಯಂತ್ರದಲ್ಲಿ ಓದಿ, ಬೆನ್ನುಹುರಿಯು ಸುರಕ್ಷಿತವಾಗಿದೆಯೇ ಎಂದು ಗಳಿಗೆ ಗಳಿಗೆಗೂ ತಿಳಿದುಕೊಳ್ಳುವ ಪದ್ಧತಿಯೊಂದು ಕಳೆದ ಅರ್ಧ ಶತಮಾನದಲ್ಲಿ ರೂಢಿಗೆ ಬಂದಿದೆ. ಇದನ್ನು ನಾವು ಈ ಲೇಖನದಲ್ಲಿ 'ನರಗಳ ಕಾವಲು' ಎಂದು ಕರೆಯುತ್ತೇವೆ. ಈ ಕಾವಲಿನ ಹುಟ್ಟು ಬೆಳವಣಿಗೆಗಳನ್ನು ಕುರಿತು ವೈದ್ಯಸಾಹಿತ್ಯದಲ್ಲಿ ಸಾಕಷ್ಟು ಬರೆಹವುಂಟು. ಆದರೆ ವಿದ್ಯುತ್ತು ಹಾಯುವ ಅದೇ ದೇಹದಲ್ಲಿ, ತಾನೂ ವಿದ್ಯುತ್ತಿನ ಪ್ರೇರಣೆಯಿಂದಲೇ ಮಿಡಿಯುವ ಹೃದಯವೆಂಬ ಇನ್ನೊಂದು ಅಂಗವಿದೆ. ನರಗಳನ್ನು ಕಾಯಲೆಂದು ಹಾಯಿಸಿದ ಪ್ರವಾಹವು ಹೃದಯದ ಲಯವನ್ನು ಕೆಡಿಸೀತೆ? ಈ ಪ್ರಶ್ನೆಗೆ ಚರಿತ್ರೆಯು ಏನು ಉತ್ತರ ಕೊಡುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಂಥ ವಿಷಯವು ಧಾರವಾಡ ಸೀಮೆಯ ವಾಚಕರಿಗೆ ದೂರದ್ದೆಂದು ತೋರಬಹುದು. ಹಾಗೆ ಭಾವಿಸಲು ಕಾರಣವಿಲ್ಲ. ನವಲಗುಂದದ ಕಡೆಯ ಶಲವಡಿಯಂಥ ಎರೆನೆಲದ ಊರುಗಳಲ್ಲಿ ಬೆನ್ನುಮೂಳೆಯ ಗಾಯಕ್ಕೆ ದಾರಿಗಳು ಹಲವು. ಬಣವೆಯ ಮೇಲಿಂದ ಜಾರುವುದು, ಹುಣಸೆಯ ಮರದಿಂದ ಬೀಳುವುದು, ತುಂಬಿದ ಚಕ್ಕಡಿಯೋ ಟ್ರ್ಯಾಕ್ಟರಿನ ಟ್ರೇಲರೋ ಮಗುಚುವುದು, ಇವೆಲ್ಲ ಸುಗ್ಗಿಯ ಕಾಲದ ಸಾಮಾನ್ಯ ಅಪಘಾತಗಳು. ಮೂಳೆಯ ಕ್ಷಯವು ನಮ್ಮ ದೇಶವನ್ನು ಇನ್ನೂ ಬಿಟ್ಟಿಲ್ಲ. ನೆರೆಯ ಗದಗ ಜಿಲ್ಲೆಯ ಮುಂಡರಗಿಯ ಕಡೆ ನೆಲದ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು, ಅಂಥ ನೀರನ್ನು ಬಹುಕಾಲ ಕುಡಿದವರಲ್ಲಿ ಮೂಳೆ ದಪ್ಪಗಾಗಿ ಬೆನ್ನುಹುರಿಯನ್ನು ಒತ್ತುವುದೂ ಉಂಟು. ಇನ್ನು ವಿದ್ಯುತ್ತಿನ ಮಾತು. ಒದ್ದೆಗಾಲಿನಲ್ಲಿ ನಿಂತು ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಬಾರದೆಂಬುದನ್ನು ರೈತನಿಗೆ ಯಾವ ಪಂಡಿತನೂ ಕಲಿಸಬೇಕಾಗಿಲ್ಲ. ಬೆರಳಿಗೆ ಬೆರಳು ತಾಗಿ ಚಿಮ್ಮಿದ ಕರೆಂಟು ಚುರುಕು ಮುಟ್ಟಿಸಿ ಬಿಡುತ್ತದೆ. ಕೈಯಿಂದ ಹೊಕ್ಕು ಎದೆಯನ್ನು ಹಾಯ್ದು ಕಾಲಿನಿಂದ ನೆಲಕ್ಕಿಳಿದದ್ದು ಜೀವವನ್ನು ಒಯ್ಯುತ್ತದೆ. ಪ್ರವಾಹದ ಪ್ರಮಾಣವೊಂದೇ ಅಲ್ಲ, ಅದು ಹಿಡಿದ ದಾರಿಯೂ ಮುಖ್ಯವೆಂಬ ಈ ಅರಿವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ವಿವೇಚನೆಯೆಲ್ಲ ಬಹುಮಟ್ಟಿಗೆ ಅದರ ವಿಸ್ತಾರವೇ ಆಗಿದೆ.

ನರವೂ ಸ್ನಾಯುವೂ ವಿದ್ಯುತ್ತಿಗೆ ಓಗೊಡುತ್ತವೆಂಬುದನ್ನು ಬೊಲೋನಾ ನಗರದ ಗ್ಯಾಲ್ವನಿಯು ಕಪ್ಪೆಯ ಕಾಲುಗಳ ಮೇಲೆ ಪ್ರಯೋಗ ನಡೆಸಿ 1791ರಲ್ಲಿ ಪ್ರಕಟಿಸಿದ ಸಂಗತಿಯು ಸರ್ವವಿದಿತ. ನಮ್ಮ ವಿಷಯಕ್ಕೆ ಅದಕ್ಕಿಂತಲೂ ಹತ್ತಿರವಾದುದು 1845ರ ಘಟನೆ. ಅರ್ನ್ಸ್ಟ್ ಹೈನ್ರಿಚ್ ವೇಬರ್ ಮತ್ತು ಎಡ್ವರ್ಡ್ ವೇಬರ್ ಎಂಬ ಜರ್ಮನಿಯ ಸೋದರರು ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಹೃದಯದ ಬಡಿತವು ನಿಧಾನವಾಯಿತು, ಮತ್ತೂ ಪ್ರಚೋದಿಸಿದಾಗ ನಿಂತೇಹೋಯಿತು. ನರವೆಂದರೆ ಅಂಗವನ್ನು ಕೆಲಸಕ್ಕೆ ಹಚ್ಚುವ ಸಾಧನವೆಂದು ಅಲ್ಲಿಯವರೆಗೆ ವಿದ್ವಾಂಸರು ನಂಬಿದ್ದರು. ಕೆಲಸವನ್ನು ತಡೆಯುವ ನರವೂ ಒಂದುಂಟು ಎಂಬುದು ಅವರಿಗೆ ನಂಬಲಾಗದ ಮಾತಾಗಿತ್ತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಪ್ರಯೋಗದಲ್ಲಿ ಪ್ರವಾಹವು ಹೃದಯವನ್ನು ಮುಟ್ಟಿರಲೇ ಇಲ್ಲ. ಮುಟ್ಟಿದ್ದು ನರವನ್ನು, ನಿಂತದ್ದು ಹೃದಯ. ದೂರದಲ್ಲಿ ನರವೊಂದನ್ನು ಕೆಣಕಿ ಹೃದಯದ ಲಯವನ್ನು ಬದಲಿಸಬಹುದೆಂಬುದು ಹೀಗೆ ನರಗಳ ಕಾವಲು ಹುಟ್ಟುವುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಹಿಂದೆಯೇ ಗೊತ್ತಿತ್ತು.

ಎರಡನೆಯ ಅಪಾಯವು ಐದು ವರ್ಷದಲ್ಲಿ ಬೆಳಕಿಗೆ ಬಂತು. 1850ರಲ್ಲಿ ಹೋಫಾ ಮತ್ತು ಲುಡ್ವಿಗ್ ಎಂಬವರು ಪ್ರಾಣಿಗಳ ಹೃದಯಕ್ಕೆ ನೇರವಾಗಿ ಬಲವಾದ ಪ್ರವಾಹವನ್ನು ಕೊಟ್ಟರು. ಆಗ ಹೃದಯವು ನಿಲ್ಲಲಿಲ್ಲ. ಅದರ ನಾರುಗಳು ಒಟ್ಟಾಗಿ ಕುಗ್ಗುವುದನ್ನು ಬಿಟ್ಟು, ತಮತಮಗೆ ತೋಚಿದಂತೆ ಅದಿರತೊಡಗಿದವು. ನೋಡಿದರೆ ಚಲನೆಯಿದೆ, ಆದರೆ ರಕ್ತವನ್ನು ನೂಕುವ ಶಕ್ತಿಯಿಲ್ಲ. ಈ 'ಕಂಪನ'ವನ್ನು ಬಹುಕಾಲ ಪ್ರಯೋಗಶಾಲೆಯ ವಿಚಿತ್ರವೆಂದೇ ಎಣಿಸಿದ್ದರು. ಮನುಷ್ಯನ ಹಠಾತ್ ಮರಣಕ್ಕೆ ಇದು ಕಾರಣವಾಗಿರಬಹುದೆಂದು 1889ರಲ್ಲಿ ಸ್ಪಷ್ಟವಾಗಿ ಬರೆದವನು ಅಬರ್ಡೀನಿನ ಪ್ರಾಧ್ಯಾಪಕ ಮ್ಯಾಕ್‌ವಿಲಿಯಮ್. ಹತ್ತು ವರ್ಷದ ತರುವಾಯ, 1899ರಲ್ಲಿ, ಜಿನೀವಾದ ಪ್ರೆವೋಸ್ಟ್ ಮತ್ತು ಬ್ಯಾಟೆಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಕಂಪನವನ್ನು ಹುಟ್ಟಿಸುವ ಶಕ್ತಿ ವಿದ್ಯುತ್ತಿಗಿರುವಂತೆ ಅದನ್ನು ನಿಲ್ಲಿಸುವ ಶಕ್ತಿಯೂ ಉಂಟೆಂದು ತೋರಿಸಿದರು. ಕೊಲ್ಲುವ ವಿದ್ಯುತ್ತೇ ಬದುಕಿಸುವುದೂ ಆಗುವ ಈ ವಿಚಿತ್ರವನ್ನು ಆ ಕಾಲದ ವೈದ್ಯರು ಬಳಸಿಕೊಳ್ಳಲಿಲ್ಲ. ಕ್ಲೀವ್‌ಲ್ಯಾಂಡ್ ನಗರದಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು ತೆರೆದ ಎದೆಯ ಬಾಲಕನೊಬ್ಬನ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಬದುಕಿಸಿದ್ದು 1947ರಲ್ಲಿ.

ದಾರಿಯ ವಿಷಯ ಹೀಗಾಯಿತು. ಇನ್ನೊಂದು ಅಂಶವು ಕಾಲ. ಇದನ್ನು ಕಂಡುಹಿಡಿದ ಜಾರ್ಜ್ ರಾಲ್ಫ್ ಮೈನ್ಸ್ ಎಂಬ ಶರೀರಶಾಸ್ತ್ರಜ್ಞನ ಕಥೆಯು ದುಃಖಕರವಾದುದು. ಹೃದಯವು ಒಂದು ಬಡಿತವನ್ನು ಮುಗಿಸಿ ಚೇತರಿಸಿಕೊಳ್ಳುತ್ತಿರುವ ಸಣ್ಣ ಅವಧಿಯೊಂದುಂಟು. ಆ ಅವಧಿಯಲ್ಲಿ ಬಿದ್ದ ಒಂದೇ ಒಂದು ಪೆಟ್ಟು ಕಂಪನವನ್ನು ಹುಟ್ಟಿಸಬಲ್ಲುದು, ಅದೇ ಪೆಟ್ಟು ಮುಂಚೆಯೋ ಅನಂತರವೋ ಬಿದ್ದರೆ ನಿರಪಾಯ ಎಂದು ಆತನು ಮೊಲದ ಹೃದಯದ ಮೇಲೆ ತೋರಿಸಿದನು. 1914ರ ನವೆಂಬರಿನಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತನ್ನ ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಮೈಗೆ ಜೋಡಿಸಿಕೊಂಡ ಸ್ಥಿತಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದವನು ಮತ್ತೆ ಉಳಿಯಲಿಲ್ಲ. ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡಿದ್ದನೆಂದು ಹಲವರ ಊಹೆ. ಊಹೆಯು ನಿಜವಿರಲಿ ಇಲ್ಲದಿರಲಿ, ಆತನ ಸಿದ್ಧಾಂತವು ಉಳಿಯಿತು. 1940ರಲ್ಲಿ ವಿಗ್ಗರ್ಸ್ ಮತ್ತು ವೇಗ್ರಿಯಾ ಅದನ್ನು ಇನ್ನಷ್ಟು ಖಚಿತಪಡಿಸಿದರು.

ಈ ಜ್ಞಾನವೆಲ್ಲ ಹೃದಯದವರ ಸೊತ್ತಾಗಿ ಬೆಳೆಯುತ್ತಿದ್ದಾಗ ಬೆನ್ನೆಲುಬಿನವರ ಚಿಂತೆ ಬೇರೆಯಾಗಿತ್ತು. ಬೆನ್ನೆಲುಬು ಡೊಂಕಾದ ಮಕ್ಕಳಿಗೆ ಹೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಲೋಹದ ಸರಳುಗಳನ್ನು ಕೊಂಡಿಗಳಿಂದ ಬಿಗಿದು ನೆಟ್ಟಗೆ ಮಾಡುವ ವಿಧಾನವನ್ನು 1962ರಲ್ಲಿ ಪ್ರಕಟಿಸಿದರು. ವಿಧಾನವು ಬೇಗ ಜಗತ್ತಿನಲ್ಲೆಲ್ಲ ಹಬ್ಬಿತು. ಆದರೆ ಡೊಂಕನ್ನು ಎಳೆದು ನೆಟ್ಟಗೆ ಮಾಡುವಾಗ ಒಳಗಿನ ಹುರಿಯೂ ಎಳೆಯಲ್ಪಡುತ್ತದೆ; ಅದಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಬಿಗಿಯುತ್ತವೆ. ಶಸ್ತ್ರಚಿಕಿತ್ಸೆಗೆ ನಡೆದು ಬಂದ ಮಗುವು ಎಚ್ಚೆತ್ತಾಗ ಕಾಲು ಆಡಿಸಲಾರದೆ ಹೋಗುವ ಪ್ರಸಂಗಗಳು ಕೇಳಿಬಂದವು. 1975ರಲ್ಲಿ ಮ್ಯಾಕ್‌ಯೂಯೆನ್ ಮತ್ತು ಸಂಗಡಿಗರು ಸುಮಾರು 7,900 ರೋಗಿಗಳ ವೃತ್ತಾಂತವನ್ನು ಕಲೆಹಾಕಿ ನೋಡಲು, ಇಂಥ ಹಾನಿಯು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. ಸಂಖ್ಯೆಯಾಗಿ ಇದು ಚಿಕ್ಕದು. ಆದರೆ ಆ ಒಂದು ಮಗುವಿನ ತಾಯಿಗೆ ಅದು ನೂರಕ್ಕೆ ನೂರು.

ಹಾನಿಯು ಆಗುತ್ತಿರುವಾಗಲೇ ತಿಳಿದರೆ ಸರಳನ್ನು ಸಡಿಲಿಸಿ ಹುರಿಯನ್ನು ಉಳಿಸಬಹುದು. ತಿಳಿಯುವುದು ಹೇಗೆ? ಫ್ರಾನ್ಸಿನ ವೋಜೆಲ್, ಸ್ಟಾನ್ಯಾರಾ ಮತ್ತು ಅವರ ಸಂಗಡಿಗರು 1973ರಲ್ಲಿ ವರದಿ ಮಾಡಿದ ಉಪಾಯವು ಅತ್ಯಂತ ಸರಳವಾದುದು: ರೋಗಿಯನ್ನು ನಡುವೆಯೇ ಎಬ್ಬಿಸುವುದು. ಬೆನ್ನು ತೆರೆದಿರುವಂತೆಯೇ ಅರಿವಳಿಕೆಯನ್ನು ಇಳಿಸಿ, ಮೊದಲು ಕೈ ಆಡಿಸೆಂದು ಹೇಳಿ, ಆಡಿಸಿದ ಮೇಲೆ ಕಾಲಿನ ಬೆರಳು ಆಡಿಸೆಂದು ಹೇಳಿ, ಕಂಡುಕೊಂಡು ಮತ್ತೆ ಮಲಗಿಸುವುದು. ಕೈ ಆಡಿ ಕಾಲು ಆಡದಿದ್ದರೆ ಕೂಡಲೇ ಸರಳು ಸಡಿಲಾಗುತ್ತಿತ್ತು. ಈ ಪರೀಕ್ಷೆಯನ್ನು ಇಂದಿಗೂ ಕೈಬಿಟ್ಟಿಲ್ಲ. ಯಂತ್ರಗಳಿಲ್ಲದ ಕಡೆ ಇದೇ ಗತಿ, ಯಂತ್ರವಿದ್ದ ಕಡೆಯೂ ಸಂಶಯ ಬಂದರೆ ಕೊನೆಯ ಸಾಕ್ಷಿ ಇದೇ.

ಈ ಪರೀಕ್ಷೆಯನ್ನು ಹೃದಯದ ಕಡೆಯಿಂದ ನೋಡಿದವರು ಕಡಿಮೆ. ಯಂತ್ರದ ಕಾವಲಿನಿಂದ ಹೃದಯಕ್ಕೆ ಅಪಾಯವೆಂದು ಹೇಳುವವರು, ಯಂತ್ರವಿಲ್ಲದಿದ್ದ ಕಾಲದಲ್ಲಿ ಹೃದಯವು ನಿಶ್ಚಿಂತವಾಗಿತ್ತು ಎಂಬ ಭಾವನೆಯನ್ನು ತಿಳಿಯದೆಯೇ ಹುಟ್ಟಿಸುತ್ತಾರೆ. ವಾಸ್ತವದಲ್ಲಿ, ಬೋರಲು ಮಲಗಿದ ಮಗುವು ಅರೆ ಎಚ್ಚರದಲ್ಲಿ ಬೆಚ್ಚಿದಾಗ ರಕ್ತದೊತ್ತಡವೂ ನಾಡಿಯೂ ಏರುತ್ತವೆ. ತಟ್ಟನೆ ಆಳವಾದ ಉಸಿರು ಎಳೆದರೆ ತೆರೆದ ಮೂಳೆಯ ರಕ್ತನಾಳಗಳೊಳಕ್ಕೆ ಗಾಳಿ ಸೇರಿ ಹೃದಯಕ್ಕೆ ಹೋಗುವ ಸಂಭವವುಂಟು. ಉಸಿರಿನ ಕೊಳವೆ ಜಾರಿದರಂತೂ ಆಮ್ಲಜನಕ ಕುಗ್ಗಿ ಲಯ ಕೆಡುವುದಕ್ಕೆ ನಿಮಿಷಗಳು ಸಾಕು. ಆದುದರಿಂದ ಹೋಲಿಕೆ ಮಾಡುವುದಿದ್ದರೆ, ಕಾವಲನ್ನು ನಿರಪಾಯತೆಯೊಡನೆ ಹೋಲಿಸುವುದು ಸಲ್ಲದು. ಒಂದು ಅಪಾಯವನ್ನು ಇನ್ನೊಂದರೊಡನೆ ಹೋಲಿಸಬೇಕು.

ಯಂತ್ರದ ಕಾವಲಿಗೆ ತಳಹದಿ ಹಾಕಿದವರು ಲಂಡನ್ನಿನ ಜಾರ್ಜ್ ಡಾಸನ್. ಕೈಯ ನರವನ್ನು ಚುಚ್ಚಿ ಎಬ್ಬಿಸಿದರೆ ಮಿದುಳಿನಲ್ಲಿ ಅದರ ಪ್ರತಿಧ್ವನಿ ಹುಟ್ಟುವುದನ್ನು ಅವರು 1947ರಲ್ಲಿ ತಲೆಯ ಚರ್ಮದ ಮೇಲಿಂದಲೇ ದಾಖಲಿಸಿದರು. ಈ ಪ್ರತಿಧ್ವನಿಯು ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಸೂಕ್ಷ್ಮ. ಮಿದುಳಿನ ಉಳಿದ ಗದ್ದಲದಲ್ಲಿ ಮುಳುಗಿಹೋಗುವಂಥದು. ನೂರಾರು ಬಾರಿ ಪ್ರಚೋದಿಸಿ, ಬಂದ ಉತ್ತರಗಳ ಸರಾಸರಿ ತೆಗೆದರೆ ಗದ್ದಲವು ತನ್ನಲ್ಲೇ ಅಳಿದು ಪ್ರತಿಧ್ವನಿ ಮಾತ್ರ ಉಳಿಯುತ್ತದೆಂಬುದು ಡಾಸನ್ನರ ಮುಂದಿನ ಸಾಧನೆ. ಜಾತ್ರೆಯ ಗದ್ದಲದಲ್ಲಿ ಒಬ್ಬನೇ ಒಂದೇ ಮಾತನ್ನು ಮತ್ತೆ ಮತ್ತೆ ಕೂಗಿದರೆ ಕೊನೆಗೆ ಅದು ಕಿವಿಗೆ ಬೀಳುವಂತೆ. ಇದನ್ನು ಬೆನ್ನಿನ ಶಸ್ತ್ರಚಿಕಿತ್ಸೆಗೆ ಅಳವಡಿಸುವ ಪ್ರಯತ್ನಗಳು 1970ರ ದಶಕದಲ್ಲಿ ಜಪಾನಿನಲ್ಲಿ ತಮಾಕಿ ಮುಂತಾದವರಿಂದಲೂ, ಅಮೆರಿಕದಲ್ಲಿ ನ್ಯಾಶ್, ಬ್ರೌನ್ ಮುಂತಾದವರಿಂದಲೂ ನಡೆದವು. ನ್ಯಾಶ್ ಅವರ ಪ್ರಸಿದ್ಧ ಲೇಖನವು ಬಂದದ್ದು 1977ರಲ್ಲಿ, ಅದೂ ಬೆಕ್ ಅವರ ಊರಾದ ಕ್ಲೀವ್‌ಲ್ಯಾಂಡಿನಿಂದಲೇ ಎಂಬುದೊಂದು ಕಾಕತಾಳೀಯ.

ಈ ವಿಧಾನದಲ್ಲಿ ಮಣಿಕಟ್ಟಿನ ಮತ್ತು ಪಾದದ ಗಿಣ್ಣಿನ ನರಗಳಿಗೆ ಸಾಮಾನ್ಯವಾಗಿ 15ರಿಂದ 40 ಮಿಲಿ ಆಂಪಿಯರ್‌ವರೆಗಿನ ಪೆಟ್ಟುಗಳನ್ನು ಸೆಕೆಂಡಿಗೆ ಎರಡರಿಂದ ಐದರಂತೆ ಕೊಡುತ್ತಾರೆ. ಉತ್ತರದ ಎತ್ತರವು ಅರ್ಧಕ್ಕಿಳಿದರೆ, ಅಥವಾ ಅದು ಬರುವ ಕಾಲವು ನೂರಕ್ಕೆ ಹತ್ತರಷ್ಟು ತಡವಾದರೆ, ಎಚ್ಚರಿಕೆ. ಮನೆಯ ವಿದ್ಯುತ್ತು ಕೈಯಿಂದ ಕಾಲಿಗೆ ಹರಿದು ಸುಮಾರು 100 ಮಿಲಿ ಆಂಪಿಯರಿನಷ್ಟು ಒಂದು ಸೆಕೆಂಡಿನ ಮೇಲೆ ನಿಂತರೆ ಕಂಪನ ಹುಟ್ಟಬಹುದೆಂದು ಬಲ್ಲವನಿಗೆ ಈ 40 ಎಂಬ ಸಂಖ್ಯೆಯು ಗಾಬರಿ ತರುವಂತಿದೆ. ಗಾಬರಿಗೆ ಆಸ್ಪದವಿಲ್ಲ. ಮೊದಲನೆಯದಾಗಿ, ಪ್ರತಿಯೊಂದು ಪೆಟ್ಟಿನ ಬಾಳು ಸೆಕೆಂಡಿನ ಸಾವಿರದಲ್ಲಿ ಕಾಲುಪಾಲು ಮಾತ್ರ. ಎರಡನೆಯದಾಗಿ, ಪ್ರವಾಹವು ಹೊರಡುವ ತುದಿ, ಮರಳುವ ತುದಿ ಎರಡೂ ಅದೇ ಮಣಿಕಟ್ಟಿನ ಮೇಲೆ ಒಂದೆರಡು ಅಂಗುಲದ ಅಂತರದಲ್ಲಿರುತ್ತವೆ. ಎದೆಯು ಅದರ ದಾರಿಯಲ್ಲಿಲ್ಲ. ಮೂರನೆಯದಾಗಿ, ಯಂತ್ರದ ಆ ಭಾಗವನ್ನು ಭೂಮಿಯ ಸಂಪರ್ಕದಿಂದ ಬೇರ್ಪಡಿಸಿರುತ್ತಾರೆ, ಆದ್ದರಿಂದ ಪ್ರವಾಹಕ್ಕೆ ದೇಹವನ್ನು ಅಡ್ಡಹಾಯ್ದು ನೆಲಕ್ಕಿಳಿಯುವ ಪ್ರಲೋಭನೆಯಿಲ್ಲ. ಬೆರಳಿಗೆ ಬೆರಳು ತಾಗಿದ ಕರೆಂಟಿನ ಜಾತಿಗೆ ಇದು ಸೇರಿದ್ದು, ಒದ್ದೆಗಾಲಿನ ಜಾತಿಗೆ ಅಲ್ಲ.

ಆದರೂ ಒಂದು ಸಂದಿಯುಂಟು. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಕುತ್ತಿಗೆಯ ರಕ್ತನಾಳದ ಮೂಲಕ ಹೃದಯದ ಬಾಗಿಲಿನವರೆಗೆ ದ್ರವ ತುಂಬಿದ ಕೊಳವೆಯನ್ನು ಇಡುತ್ತಾರೆ. ಆ ದ್ರವವು ವಿದ್ಯುದ್ವಾಹಕ. ಚರ್ಮದ ತಡೆಯನ್ನು ದಾಟಿ ಹೃದಯವನ್ನೇ ಮುಟ್ಟುವ ಪ್ರವಾಹಕ್ಕೆ ಮಿಲಿ ಆಂಪಿಯರುಗಳು ಬೇಕಿಲ್ಲ. ಅದರ ಸಾವಿರದೊಂದು ಪಾಲಿನ ಲೆಕ್ಕದಲ್ಲಿಯೇ ಅಪಾಯ ಆರಂಭವಾಗುತ್ತದೆ. ಹೃದಯಕ್ಕೆ ನೇರ ಸಂಬಂಧವಿರುವ ಉಪಕರಣಗಳಿಂದ ಸೋರುವ ಪ್ರವಾಹವು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋ ಆಂಪಿಯರನ್ನು ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿರುವುದು ಇದೇ ಕಾರಣದಿಂದ. ಕಾವಲಿನ ಪೆಟ್ಟಿಗಿಂತ, ಅದೇ ಕೋಣೆಯ ಹಳೆಯ ಯಂತ್ರವೊಂದರ ಸವೆದ ತಂತಿಯು ಹೃದಯಕ್ಕೆ ಹೆಚ್ಚಿನ ಶತ್ರು ಎಂದರೆ ತಪ್ಪಾಗಲಾರದು.

ಈ ವಿಧಾನವು ಹೃದಯವನ್ನು ಕೆಡಿಸಿದ್ದಕ್ಕಿಂತ ಹೃದಯದ ಚಿತ್ರವನ್ನು ಕೆಡಿಸಿದ್ದೇ ಹೆಚ್ಚು. ಹೃದಯದ ವಿದ್ಯುತ್ತನ್ನು ಬರೆಯುವ ಯಂತ್ರಕ್ಕೆ ಅದು ಹೃದಯದಿಂದ ಬಂದದ್ದೋ ಮಣಿಕಟ್ಟಿನಿಂದ ಬಂದದ್ದೋ ಎಂಬ ಭೇದ ತಿಳಿಯದು. ನರಗಳಿಗೆ ಕೊಟ್ಟ ಪೆಟ್ಟುಗಳು ಪರದೆಯ ಮೇಲೆ ಸಾಲಾಗಿ ಮೂಡಿ, ಅತಿವೇಗದ ಬಡಿತವೆಂದೋ ಪೇಸ್‌ಮೇಕರಿನ ಮೊನೆಗಳೆಂದೋ ತೋರುವುದುಂಟು. ಇಲ್ಲದ ರೋಗಕ್ಕೆ ಔಷಧಿ ಕೊಡುವುದು ಇದರ ಒಂದು ಅಪಾಯ. ಅದಕ್ಕಿಂತ ಭಯಂಕರವಾದುದು ಎರಡನೆಯದು: 'ಇದು ಕಾವಲಿನ ಯಂತ್ರದ ಉಪದ್ರವ' ಎಂದು ಹತ್ತು ಸಲ ನಿಜವಾಗಿಯೇ ಕಂಡವನು, ಹನ್ನೊಂದನೆಯ ಸಲ ಹೃದಯವೇ ತಪ್ಪಿದಾಗಲೂ ಹಾಗೆಯೇ ಎಂದುಕೊಳ್ಳುವುದು. ಪೇಸ್‌ಮೇಕರ್ ಇಟ್ಟಿರುವ ರೋಗಿಯಲ್ಲಿ ಪರದೆಯ ಮೋಸವು ನಿಜದ ಕೇಡೇ ಆಗಬಹುದು. ಆ ಪುಟ್ಟ ಯಂತ್ರವು ಕಾವಲಿನ ಪೆಟ್ಟುಗಳನ್ನು ಹೃದಯದ ಸ್ವಂತ ಬಡಿತಗಳೆಂದು ಎಣಿಸಿ, ತನ್ನ ಕೆಲಸ ಬೇಡವೆಂದು ಸುಮ್ಮನಾದರೆ, ಅದನ್ನೇ ನಂಬಿದ ಹೃದಯವು ನಿಲ್ಲುತ್ತದೆ. ಆದುದರಿಂದ ಇಂಥವರಲ್ಲಿ ಪೇಸ್‌ಮೇಕರನ್ನು ಮುಂಚಿತವಾಗಿ ತಕ್ಕ ಸ್ಥಿತಿಗೆ ಹೊಂದಿಸಿಕೊಳ್ಳುವುದು ವಿಹಿತವಾಗಿದೆ.

1980ರ ದಶಕದಲ್ಲಿ ಇನ್ನೊಂದು ಕೊರತೆ ಕಂಡಿತು. ಮಣಿಕಟ್ಟಿನಿಂದ ಮಿದುಳಿಗೆ ಏರುವ ದಾರಿಯು ಬೆನ್ನುಹುರಿಯ ಹಿಂಭಾಗದಲ್ಲಿದೆ. ಮಿದುಳಿನಿಂದ ಕಾಲಿಗೆ ಇಳಿಯುವ ಆಜ್ಞೆಯ ದಾರಿ ಬೇರೆ. ಏರುವ ದಾರಿ ಸರಿಯಾಗಿದ್ದು ಇಳಿಯುವ ದಾರಿ ಕಡಿದುಹೋದ ರೋಗಿಗಳಿದ್ದರು: ಯಂತ್ರವು ಕ್ಷೇಮವೆಂದಿತು, ರೋಗಿಯು ಕಾಲು ಎತ್ತಲಿಲ್ಲ. ಇಳಿಯುವ ದಾರಿಯನ್ನು ಕಾಯಬೇಕಾದರೆ ಮಿದುಳನ್ನೇ ಪ್ರಚೋದಿಸಬೇಕು. ಮುಚ್ಚಿದ ತಲೆಬುರುಡೆಯ ಮೇಲಿಂದ ಹಾಗೆ ಮಾಡಬಹುದೆಂದು ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ಎಂಬ ವಿದ್ವಾಂಸರು 1980ರಲ್ಲಿ ತೋರಿಸಿದರು. ಸಾವಿರ ವೋಲ್ಟನ್ನೂ ಮೀರಿದ, ಕಣ್ಣೆವೆಗಿಂತ ಎಷ್ಟೋ ಪಾಲು ಅಲ್ಪವಾದ ಪೆಟ್ಟನ್ನು ತಲೆಯ ಮೇಲೆ ಕೊಟ್ಟಾಗ ಎದುರುಬದಿಯ ಕೈ ನೆಗೆಯಿತು. ಅರಿವಳಿಕೆಯಲ್ಲಿರುವ ಮಿದುಳು ಒಂದು ಪೆಟ್ಟಿಗೆ ಏಳುವುದಿಲ್ಲ. 1990ರ ದಶಕದಲ್ಲಿ ಹಲವು ಪೆಟ್ಟುಗಳನ್ನು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೊಂದು ಕೊಡುವ ಯುಕ್ತಿ ಸಿದ್ಧವಾದ ಮೇಲೆಯೇ ಇದು ಶಸ್ತ್ರಚಿಕಿತ್ಸೆಯ ಕೋಣೆಗೆ ಬಂತು.

ಹೃದಯದ ಪ್ರಶ್ನೆಯು ಗಂಭೀರವಾಗಿ ಎದ್ದದ್ದು ಇಲ್ಲಿ. ನೂರಾರು ವೋಲ್ಟುಗಳ ಪೆಟ್ಟು. ಮಿದುಳಿನ ಬುಡದಲ್ಲಿಯೇ ಹೃದಯವನ್ನು ನಡೆಸುವ ನರಕೇಂದ್ರಗಳು. ವೇಬರ್ ಸೋದರರು ಕೆಣಕಿದ ವೇಗಸ್ ನರದ ಮೂಲವೂ ಅಲ್ಲಿಯೇ. ಪೆಟ್ಟಿನ ಬಲ ಹೆಚ್ಚಾದಂತೆ ಅದು ಮಿದುಳಿನ ಮೇಲ್ಪದರವನ್ನು ದಾಟಿ ಆಳಕ್ಕಿಳಿಯುತ್ತದೆಂಬುದೂ ಪ್ರಯೋಗಗಳಿಂದ ತಿಳಿದ ವಿಷಯ. ಭಯಕ್ಕೆ ಆಧಾರವಿತ್ತು. ಈ ಭಯವನ್ನು ಲೆಕ್ಕಕ್ಕೆ ತಂದವರು ಸೌದಿ ಅರೇಬಿಯದ ರಿಯಾಧಿನಲ್ಲಿದ್ದ ಡೇವಿಡ್ ಮ್ಯಾಕ್‌ಡೊನಾಲ್ಡ್. 2002ರಲ್ಲಿ ಅವರು ಪ್ರಕಟಿಸಿದ ಸಮೀಕ್ಷೆಯಲ್ಲಿ 15,000ಕ್ಕೂ ಮಿಕ್ಕ ಪ್ರಯೋಗಗಳ ವೃತ್ತಾಂತವಿದೆ. ಅವುಗಳಲ್ಲಿ ದವಡೆ ಬಿಗಿದು ನಾಲಗೆಯೋ ತುಟಿಯೋ ಹರಿದದ್ದು 29, ಅಪಸ್ಮಾರದ ಸೆಳೆತ 5, ತಲೆಯ ಚರ್ಮ ಸುಟ್ಟದ್ದು 2, ದವಡೆ ಮುರಿದದ್ದು 1. ಹೃದಯದ ಲಯ ತಪ್ಪಿದ ಪ್ರಸಂಗಗಳು 5.

ಹದಿನೈದು ಸಾವಿರದಲ್ಲಿ ಐದು. ಈ ಸಂಖ್ಯೆಯನ್ನು ಎರಡು ಬಗೆಯಾಗಿ ಓದಬಹುದು, ಎರಡನ್ನೂ ಓದಿದವರುಂಟು. ಅತ್ಯಲ್ಪವಾದ್ದರಿಂದ ನಿಶ್ಚಿಂತೆಯಿಂದಿರಬಹುದೆಂಬುದು ಒಂದು. ವರದಿಯಾಗದೆ ಉಳಿದವೆಷ್ಟೋ ಎಂಬುದು ಇನ್ನೊಂದು. ನಮಗೆ ಎರಡೂ ಅರೆಸತ್ಯವಾಗಿ ಕಾಣುತ್ತವೆ. ಬೆನ್ನಿನ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಲಯ ತಪ್ಪುವುದಕ್ಕೆ ಕಾವಲಿನ ಹೊರತಾಗಿಯೂ ಎಷ್ಟೋ ಕಾರಣಗಳಿವೆ. ಐದರಲ್ಲಿ ಎಷ್ಟು ಪೆಟ್ಟಿನಿಂದ ಆದವು, ಎಷ್ಟು ಪೆಟ್ಟಿನ ಹೊತ್ತಿಗೆ ಆದವು ಎಂಬುದೇ ನಿಜವಾದ ಪ್ರಶ್ನೆ. 'ಇಂದ' ಎಂಬುದಕ್ಕೂ 'ಹೊತ್ತಿಗೆ' ಎಂಬುದಕ್ಕೂ ಇರುವ ಅಂತರವನ್ನು ಇತಿಹಾಸಕಾರನು ಬಲ್ಲನು. ಅವನ ಕಸುಬೇ ಅದು.

ಆ ಬೇರೆ ಕಾರಣಗಳಲ್ಲಿ ಮುಖ್ಯವಾದುವನ್ನು ನೋಡೋಣ. ಬೆನ್ನುಹುರಿಯ ಹೊದಿಕೆಯನ್ನು ಎಳೆದಾಗ ನಾಡಿಯು ಇದ್ದಕ್ಕಿದ್ದಂತೆ ನಿಧಾನವಾದ, ನಿಂತೂಹೋದ ಪ್ರಸಂಗಗಳು ಸೊಂಟದ ಶಸ್ತ್ರಚಿಕಿತ್ಸೆಗಳಲ್ಲಿ ವರದಿಯಾಗಿವೆ; ಕೈ ತೆಗೆದರೆ ಹೃದಯ ಮರಳುತ್ತದೆ. ಕುತ್ತಿಗೆಯ ಮುಂಭಾಗದಿಂದ ಮೂಳೆಗೆ ಹೋಗುವಾಗ ವೇಗಸ್ ನರವೂ, ರಕ್ತದೊತ್ತಡವನ್ನು ಅಳೆಯುವ ಕತ್ತಿನ ನಾಳದ ಉಬ್ಬೂ ಶಸ್ತ್ರಕಾರನ ಕೈಗೆ ಅಡ್ಡ ಬರುತ್ತವೆ. ಕತ್ತಿನ ಇನ್ನೊಂದು ಶಸ್ತ್ರಚಿಕಿತ್ಸೆಯಾದ ಥೈರಾಯಿಡ್ ಗ್ರಂಥಿಯ ಚಿಕಿತ್ಸೆಯಲ್ಲಿ ವೇಗಸ್ ನರವನ್ನೇ ಎಡೆಬಿಡದೆ ಪ್ರಚೋದಿಸಿ ಕಾಯುವ ವಿಧಾನವೊಂದು ಬಂದಾಗ, ಅದು ಹೃದಯಕ್ಕೆ ಅಪಾಯಕರವೆಂದು ಅಮೆರಿಕದ ಟೆರಿಸ್ ಮತ್ತು ಸಂಗಡಿಗರು 2015ರಲ್ಲಿ ಕಟುವಾಗಿಯೇ ಬರೆದರು. ಆ ವಿವಾದದಲ್ಲಿ ಇನ್ನೊಂದು ಪಕ್ಷವೂ ಇದೆ. 1845ರ ಪ್ರಯೋಗವು ನೂರೆಪ್ಪತ್ತು ವರ್ಷದ ಮೇಲೆ ಬೇರೆ ವೇಷದಲ್ಲಿ ಮರಳಿತೆನ್ನಬಹುದು. ನರಗಳ ಕಾವಲಿನ ಯಾವ ಬಗೆಗಾದರೂ ಹೃದಯದೊಡನೆ ನೇರವಾದ ನೆಂಟಸ್ತಿಕೆಯಿದ್ದರೆ ಅದು ಇದಕ್ಕೇ ಹೊರತು ಮಣಿಕಟ್ಟಿನ ಪೆಟ್ಟಿಗಲ್ಲ.

ಔಷಧಿಗಳ ಪಾತ್ರವು ಇನ್ನೂ ಸೂಕ್ಷ್ಮವಾದುದು. ಮಿದುಳಿನ ಆಜ್ಞೆಯು ಸ್ನಾಯುವನ್ನು ತಲುಪಿ ಅದು ಮಿಸುಕಿದರೆ ತಾನೆ ಕಾವಲು? ಆದುದರಿಂದ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿಯನ್ನು ದೀರ್ಘಕಾಲ ಕೊಡುವಂತಿಲ್ಲ; ಉಸಿರಿನ ಮೂಲಕ ಕೊಡುವ ಅರಿವಳಿಕೆಯ ಆವಿಗಳನ್ನೂ ಮಿತಗೊಳಿಸಬೇಕು. ಪ್ರೊಪೊಫಾಲ್ ಮತ್ತು ಅಫೀಮಿನ ವರ್ಗದ ಔಷಧಿಗಳು ಮುಂದೆ ಬರುತ್ತವೆ. ಈ ಎರಡನೆಯ ವರ್ಗದವು ನಾಡಿಯನ್ನು ನಿಧಾನಗೊಳಿಸುವುದರಲ್ಲಿ ಹೆಸರಾದವು. ಉಸಿರಿನ ಕೊಳವೆ ಹಾಕುವಾಗ, ಬೇಗ ಇಳಿದುಹೋಗುವುದೆಂಬ ಕಾರಣಕ್ಕೆ ಸಕ್ಸಿನೈಲ್‌ಕೋಲೀನ್ ಎಂಬ ಔಷಧಿಯತ್ತ ವೈದ್ಯನ ಕೈ ಹೋಗುವುದುಂಟು. ಬೆನ್ನುಹುರಿಗೆ ಪೆಟ್ಟಾಗಿ ಕೆಲವು ದಿನಗಳು ಕಳೆದ ರೋಗಿಗೆ ಇದು ವಿಷ. ಶಕ್ತಿಗುಂದಿದ ಸ್ನಾಯುಗಳಿಂದ ಪೊಟ್ಯಾಸಿಯಮ್ ರಕ್ತಕ್ಕೆ ಹೊರಚೆಲ್ಲಿ ಹೃದಯವು ನಿಲ್ಲುತ್ತದೆಂಬುದು 1970ರ ಸುಮಾರಿಗೆ ಸ್ಪಷ್ಟವಾಗಿ ತಿಳಿದುಬಂತು. ಹೀಗೆ ಕಾವಲು ತನ್ನ ವಿದ್ಯುತ್ತಿನಿಂದ ಹೃದಯವನ್ನು ಮುಟ್ಟದೆಯೂ,  ತನ್ನ ಸಲುವಾಗಿ ಮಾಡಿದ ಏರ್ಪಾಡುಗಳ ಮೂಲಕ ಮುಟ್ಟಬಲ್ಲುದು. ಇಂಥ ಪರೋಕ್ಷ ಸಂಬಂಧವು ಐದರ ಪಟ್ಟಿಯಲ್ಲಿ ಸೇರುವುದೂ ಇಲ್ಲ, ಅದನ್ನು ಸೇರಿಸಲು ಕಾಲಂ ಸಹ ಇಲ್ಲ.

ಇಷ್ಟರಿಂದ ಕಾವಲನ್ನೇ ಕೈಬಿಡಬೇಕೆಂದು ಯಾರಾದರೂ ವಾದಿಸಿದರೆ ನಾವು ಒಪ್ಪಲಾರೆವು. 1995ರಲ್ಲಿ ನ್ಯೂವರ್ ಮತ್ತು ಸಂಗಡಿಗರು ಬೆನ್ನಿನ ಡೊಂಕಿನ 51,263 ಶಸ್ತ್ರಚಿಕಿತ್ಸೆಗಳ ವಿವರಗಳನ್ನು ಸಮೀಕ್ಷಿಸಿದಾಗ, ಕಾವಲಿನಲ್ಲಿ ಪಳಗಿದ ತಂಡಗಳ ರೋಗಿಗಳಲ್ಲಿ ನರಗಳ ಹಾನಿಯು, ಪಳಗದ ತಂಡಗಳ ರೋಗಿಗಳಲ್ಲಿದ್ದುದರ ಅರ್ಧಕ್ಕಿಂತ ಕಡಿಮೆಯಾಗಿತ್ತು. ಈ ಸಮೀಕ್ಷೆಯು ನಿಷ್ಕೃಷ್ಟವಾದ ಪ್ರಯೋಗವಲ್ಲ, ಪಳಗಿದ ಕೈಗಳಿಗೆ ಬೇರೆ ಗುಣಗಳೂ ಇದ್ದಿರಬಹುದೆಂಬ ಆಕ್ಷೇಪಣೆ ಸರಿಯಾದುದೇ. ಆದರೂ ಒಂದು ಕಡೆ ನಡೆಯಬಲ್ಲ ಮಗುವೂ, ಇನ್ನೊಂದು ಕಡೆ ಸಾವಿರಕ್ಕೆ ಒಂದಕ್ಕೂ ಎಷ್ಟೋ ಕಡಿಮೆಯಾದ, ಬಹುಮಟ್ಟಿಗೆ ತಡೆಯಬಲ್ಲ ಲಯದ ತೊಡಕೂ ಇರುವಾಗ ತಕ್ಕಡಿಯು ಎತ್ತ ವಾಲುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತೊಡಕು ಬಂದಾಗ ಅದು ಬರುವುದು ಅತಿ ಕೆಟ್ಟ ಸ್ಥಿತಿಯಲ್ಲಿ. ರೋಗಿಯು ಬೋರಲಾಗಿ ಮಲಗಿರುತ್ತಾನೆ, ಬೆನ್ನು ತೆರೆದಿರುತ್ತದೆ. ಕೌವೆನ್‌ಹೋವೆನ್ ಮತ್ತು ಸಂಗಡಿಗರು 1960ರಲ್ಲಿ ಕಲಿಸಿದ ಎದೆ ಒತ್ತುವ ವಿಧಾನಕ್ಕೆ ಎದೆಯೇ ಸಿಗದು. ಈ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ತಿನ ಎಂಜಿನಿಯರು. ತಂತಿ ಮುಟ್ಟಿ ಸಾಯುತ್ತಿದ್ದ ಲೈನ್‌ಮನ್ನರನ್ನು ಉಳಿಸುವ ಚಿಂತೆಯಿಂದ ಈ ಸಂಶೋಧನೆಗೆ ಬಂದವರು ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಬೆನ್ನಿನ ಮೇಲಿಂದಲೇ ಒತ್ತಿ ರೋಗಿಯನ್ನು ಉಳಿಸಿದ ಉದಾಹರಣೆಗಳೂ ವೈದ್ಯಸಾಹಿತ್ಯದಲ್ಲಿವೆ. ಹೊರಳಿಸುವ ಮಂಚವನ್ನು ಬಾಗಿಲ ಹೊರಗೇ ಸಿದ್ಧವಾಗಿಡುವುದು ವಿವೇಕ.

ನಮ್ಮ ನಾಡಿನ ಸ್ಥಿತಿಯನ್ನು ಕುರಿತು ಎರಡು ಮಾತು ಸಲ್ಲುತ್ತವೆ. ಭಾರತದಲ್ಲಿ ನರಗಳ ಶಸ್ತ್ರಚಿಕಿತ್ಸೆಗೆ ಮೊದಲ ವಿಭಾಗವನ್ನು 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರು ತೆರೆದರು. ಬೆಂಗಳೂರಿನಲ್ಲಿ 1954ರ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಬೆಳವಣಿಗೆಯಲ್ಲಿ ನರಶಸ್ತ್ರವೈದ್ಯರಾದ ಆರ್. ಮಾರ್ತಾಂಡ ವರ್ಮ ಅವರ ಪಾಲು ದೊಡ್ಡದು. ಧಾರವಾಡ ಸೀಮೆಯವರು ದೊಡ್ಡ ಶಸ್ತ್ರಚಿಕಿತ್ಸೆಗೆ ಮೀರಜಿನ ಮಿಷನ್ ಆಸ್ಪತ್ರೆಯತ್ತ ರೈಲು ಹತ್ತುತ್ತಿದ್ದ ಕಾಲವೊಂದಿತ್ತು; 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದ ಮೇಲೆ ಆ ದಾರಿ ಮೊಟಕಾಯಿತು. 2008ರಿಂದ 108ರ ವಾಹನವು ಹೊಲದ ಬದುವಿನವರೆಗೂ ಬರುತ್ತದೆ. ಬಣವೆಯಿಂದ ಬಿದ್ದ ಶಲವಡಿಯ ರೈತನು ಈಗ ಅದೇ ದಿನ ಆಸ್ಪತ್ರೆಯನ್ನು ಕಾಣಬಲ್ಲನು. ಆದರೆ ಆತನ ಬೆನ್ನನ್ನು ತೆರೆದಾಗ ನರಗಳ ಕಾವಲು ಇರುತ್ತದೆಯೇ ಎಂಬುದು ಆತನು ಸೇರಿದ ಆಸ್ಪತ್ರೆಯನ್ನೂ, ಕೈಯಲ್ಲಿರುವ ಹಣವನ್ನೂ ಅವಲಂಬಿಸಿದೆ. ಯಂತ್ರಕ್ಕಿಂತ, ಯಂತ್ರವನ್ನು ಓದಬಲ್ಲ ಮನುಷ್ಯನೇ ದುರ್ಲಭ. ಇರುವ ಕಡೆಯಲ್ಲಿ 'ಹೃದಯಕ್ಕೆ ತೊಂದರೆಯಾದೀತು' ಎಂಬ ಅಸ್ಪಷ್ಟವಾದ ಅಂಜಿಕೆಯಿಂದ ಅದನ್ನು ಬದಿಗಿಟ್ಟರೆ ನಷ್ಟವು ಆತನ ಕಾಲುಗಳದು. ಪರದೆಯ ಮೇಲಿನ ಪ್ರತಿಯೊಂದು ವಿಕಾರವನ್ನೂ ಯಂತ್ರದ ಉಪದ್ರವವೆಂದು ತಳ್ಳಿಹಾಕಿದರೆ ನಷ್ಟವು ಆತನ ಪ್ರಾಣದ್ದು.

ಇವೆರಡರ ನಡುವೆ ನಿರ್ಣಯಿಸುವ ಉಪಾಯ ಕಷ್ಟದ್ದಲ್ಲ. ಲಯ ಕೆಟ್ಟಂತೆ ತೋರಿದಾಗ ಮೊದಲು ಬೆರಳಿನ ನಾಡಿಯ ಅಲೆಯನ್ನು ನೋಡಬೇಕು, ಏಕೆಂದರೆ ಅದು ರಕ್ತದ ಹರಿವನ್ನು ಹೇಳುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಅಲೆಯು ಸರಿಯಾಗಿದ್ದು ಚಿತ್ರ ಮಾತ್ರ ಕೆಟ್ಟಿದ್ದರೆ, ಪೆಟ್ಟನ್ನು ಕ್ಷಣಕಾಲ ನಿಲ್ಲಿಸಿದೊಡನೆ ಚಿತ್ರವು ತಿಳಿಯಾಗುತ್ತದೆ. ಅಲೆಯೂ ಮುಗ್ಗರಿಸಿದ್ದರೆ ತೊಡಕು ನಿಜ. ಪೆಟ್ಟನ್ನು ನಿಲ್ಲಿಸಬೇಕು, ಶಸ್ತ್ರಕಾರನು ಕೈ ತೆಗೆಯಬೇಕು, ಪೊಟ್ಯಾಸಿಯಮ್ ಮತ್ತು ಆಮ್ಲಜನಕವನ್ನು ವಿಚಾರಿಸಬೇಕು. ಇವುಗಳಲ್ಲಿ ಯಾವುದನ್ನು ಮಾಡಿದಾಗ ಹೃದಯ ಮರಳಿತು ಎಂಬುದೇ ಕಾರಣದ ಸುಳಿವು. ಆದರೆ ಈ ಸುಳಿವು ಉಳಿಯಬೇಕಾದರೆ ಅದನ್ನು ಬರೆದಿಡಬೇಕು. ಸಾಮಾನ್ಯವಾಗಿ ಹೃದಯದ ಗೆರೆಯು ಅರಿವಳಿಕೆಯ ವೈದ್ಯರ ಯಂತ್ರದಲ್ಲಿಯೂ, ಪೆಟ್ಟು ಬಿದ್ದ ಗಳಿಗೆಗಳು ಕಾವಲಿನವರ ಯಂತ್ರದಲ್ಲಿಯೂ ಪ್ರತ್ಯೇಕವಾಗಿ ದಾಖಲಾಗುತ್ತವೆ. ಮೈನ್ಸ್‌ನ ಕಾಲದಿಂದ ನಮಗೆ ಗೊತ್ತಿರುವಂತೆ ಇಲ್ಲಿ ಸೆಕೆಂಡಿನ ಸಣ್ಣ ಪಾಲೂ ಮುಖ್ಯ. ಎರಡು ಯಂತ್ರಗಳ ಗಡಿಯಾರಗಳಲ್ಲಿ ನಾಲ್ಕು ನಿಮಿಷದ ಅಂತರವಿದ್ದರೆ ಯಾವ ಪಂಡಿತನೂ ಆಮೇಲೆ ಏನನ್ನೂ ನಿರ್ಣಯಿಸಲಾರನು. ಹೃದಯದ ಗೆರೆಯನ್ನು ಕಾವಲಿನ ಯಂತ್ರದ ಒಂದು ದಾರಿಯಲ್ಲಿ ಕೂಡಿಸಿ ಬರೆಯಿಸುವುದು ಉತ್ತಮ. ಅದು ಆಗದ ಕಡೆ, ರೋಗಿಯನ್ನು ಬೋರಲು ಮಲಗಿಸುವ ಮುನ್ನ ಎರಡೂ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.